ಬೆನ್ನು ಬಲಕ್ಕೆ

ಮೊನ್ನೆ ಇಲ್ಲಿ ಗಲ್ಫಿನಲ್ಲಿ, ಎಗೈಲಾದ ಮಾಲಿನಲ್ಲಿ ಮೊಮ್ಮಗಳಿಗೆ ಒಂದು ಜೊತೆ ಚಪ್ಪಲಿ ತೆಗೆದೆವು. ಕೌಂಟರಿನ ಹುಡುಗಿಯ ಹೆಸರಿನ ಪಟ್ಟಿಯಲ್ಲಿ ಶೆಟ್ಟಿ ಅಂತ ಇತ್ತು. ಹಾಗಾಗಿ ಕನ್ನಡದಲ್ಲೇ ಕೇಳಿದೆ, "ಬಿಲ್ ಎಲ್ಲಿ ಮಗಳೇ?"

"ಬಿಲ್ ಫೋನಿಗೆ ಬರ್ತದೆ ಆಂಟಿ. ಈಗ ಕಾಗದ ಎಲ್ಲ ಇಲ್ಲ."

ಕಾಗದ ಇಲ್ಲವಂತೆ! ಇದೇ ದೇಶದಲ್ಲಿ ಇಪ್ಪತ್ತಾರು ವರ್ಷ ಬಿಲ್ ಪುಸ್ತಕ ಕಟ್ಟಿದವಳ ಮುಖಕ್ಕೆ ಹೇಳುವ ಮಾತಾ ಇದು? ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ನಮ್ಮವರು ಹೇಳುವುದುಂಟು. ಆದರೆ ಆ ಮಗು ಪಾಪದ್ದು. ನಾನು ಬೈಂಡಿಂಗ್ ಮಾಡುತ್ತಿದ್ದೆ ಅಂದಾಗ ಕಣ್ಣರಳಿಸಿ, "ನಮ್ಮಣ್ಣ ರಾಯ್‌ನಲ್ಲಿ ಒಂದು ಪ್ರೆಸ್ಸಿಗೆ ಸೇರಿ ಎರಡು ತಿಂಗಳಾಯ್ತು ಆಂಟಿ. ದಿನಾ ಬೈಸಿಕೊಂಡು ಬರ್ತಾನೆ" ಅಂದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಬೈಸಿಕೊಳ್ಳುವುದೆಂದರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮಾರಾಯ್ರೇ.

ನಾನು ಕೆಲಸ ಬಿಟ್ಟು ಊರಿಗೆ ಹೋದವಳು. ಈಗ ಮಗ ರೋಶನ್ ಎಗೈಲಾದಲ್ಲಿ ಮನೆ ಮಾಡಿದ್ದಾನೆ, ಹಾಗಾಗಿ ವಿಸಿಟ್ ವೀಸಾದಲ್ಲಿ ಬಂದಿದ್ದೇನೆ. ಮೊಮ್ಮಗಳ ಹತ್ತಿರ ಕಥೆ ಹೇಳಲು ಹೋದರೆ ಎಲ್ಲ ಅರ್ಥವಾಗುತ್ತದೆ, ಆದರೆ "ಓಕೆ ಗ್ರ್ಯಾಂಡ್ಮಾ" ಅಂತ ಎದ್ದು ಹೋಗುತ್ತಾಳೆ. ಆದ್ದರಿಂದ ಆ ಶೆಟ್ಟಿ ಹುಡುಗಿಯ ಅಣ್ಣನಿಗೂ ಅವನ ಹಾಗೆ ಹೊಸದಾಗಿ ಪ್ರೆಸ್ಸಿಗೆ ಸೇರಿದವರಿಗೂ ಅಂತ ಇದನ್ನು ಬರೆದಿಡುತ್ತಿದ್ದೇನೆ. ಯಾವಾಗ ಯಾರು ನನ್ನನ್ನು ಹೊಗಳಿದರು, ಯಾವ ವರ್ಷ ಯಾವ ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಶಾಲು ಹೊದಿಸಲೂ ಇಲ್ಲ.

ನನ್ನ ಕೈಗೆ ಕೆಲಸ ಕಲಿಸಿದ್ದು ಮೂಡುಬಿದಿರೆ. ಸಾವಿರ ಕಂಬದ ಬಸದಿ ನೋಡಲು ದೇಶದವರೆಲ್ಲ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಪೇಟೆಯ ಒಳಗೆ ಕಾಲಲ್ಲಿ ತುಳಿದು ಮುದ್ರಿಸುವ ಒಂದು ಟ್ರೆಡಲ್ ಮಿಷನ್ ಇಟ್ಟುಕೊಂಡು ಅರ್ಧ ಪೇಟೆಯ ವ್ಯಾಪಾರ ನಡೆಸಿಕೊಡುತ್ತಿದ್ದ ನಮ್ಮ ಪ್ರೆಸ್ಸನ್ನು ನೋಡಲು ಯಾರೂ ಬರಲಿಲ್ಲ. ಅಕ್ಕಿ ಮಿಲ್ಲಿನ ಚೀಟಿ, ಬಸ್ಸಿನ ಟಿಕೆಟು, ಸೋಡಾ ಬಾಟಲಿಯ ಲೇಬಲ್ಲು, ಬೀಡಿ ಕಟ್ಟಿನ ಸುತ್ತು ಕಾಗದ, ಜವಳಿ ಅಂಗಡಿಯ ಬಿಲ್ ಪುಸ್ತಕ, ವಂತಿಗೆ ರಸೀದಿ, ಇಗರ್ಜಿಯ ಹಬ್ಬದ ಕರೆಯೋಲೆ, ಆಯುರ್ವೇದದ ಎಣ್ಣೆಯ ಚೀಟಿ, ಹೀಗೆ ಎಲ್ಲ ನಮ್ಮಲ್ಲೇ. ಬೆಳಿಗ್ಗೆ ಪೇಟೆಯಲ್ಲಿ ನಡೆದು ಬಂದರೆ ಪ್ರತಿ ಅಂಗಡಿಯ ಮೇಜಿನ ಮೇಲೂ ನಾನು ಮಡಚಿದ್ದೋ ನಾನು ಕಟ್ಟಿದ್ದೋ ಏನಾದರೂ ಒಂದು ಇದ್ದೇ ಇರುತ್ತಿತ್ತು. ಹದಿನೆಂಟು ವರ್ಷದ ಹುಡುಗಿಗೆ ಅದೊಂದು ದೊಡ್ಡ ಜಂಬ. ಈಗಲೂ ಅದು ಹೋಗಿಲ್ಲ.

ಪ್ರೆಸ್ಸಿನ ಯಜಮಾನರನ್ನು ನಾವು ಧನಿಗಳೇ ಅಂತ ಕರೆಯುತ್ತಿದ್ದೆವು. ಬಿಳಿ ಪಂಚೆ, ಕಿವಿಯ ಮೇಲೆ ಪೆನ್ಸಿಲು. ಬೈಯುವಾಗಲೂ ಬಹುವಚನ. "ನೀವು ಎಂತ ಮಾಡಿದ್ದು ಸೆಲಿನ್ ಬಾಯಿ, ಇದು ಪುಸ್ತಕವಾ, ಬಾಳೆಲೆ ಕಟ್ಟಾ?" ಅನ್ನುತ್ತಿದ್ದರು. ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತು ಹಾಕಿದರೆ ಹುಳ ಬರುವುದಿಲ್ಲ, ಕಾಗದದ ನಾರು ಯಾವ ಕಡೆ ಹರಿದಿದೆ ಅಂತ ಉಗುರಿನಲ್ಲಿ ಎಳೆದು ನೋಡಬೇಕು, ದಾರಕ್ಕೆ ಮೇಣ ಸವರಿಯೇ ಹೊಲಿಯಬೇಕು, ಇದೆಲ್ಲ ಅವರು ಹೇಳಿಕೊಟ್ಟದ್ದು.

ಅವರ ಒಂದು ಕಟ್ಟುನಿಟ್ಟು ಏನೆಂದರೆ ಮದುವೆ ಕಾಗದವನ್ನೂ ಉತ್ತರಕ್ರಿಯೆ ಕಾಗದವನ್ನೂ ಒಂದೇ ಮೇಜಿನ ಮೇಲೆ ಇಡುವಂತಿಲ್ಲ. ಸೇರಿದ ಹೊಸದರಲ್ಲಿ ನನಗೆ ಅದೆಲ್ಲ ಎಲ್ಲಿ ಗೊತ್ತು? ಜಾಗ ಇಲ್ಲ ಅಂತ ಎರಡನ್ನೂ ಅಕ್ಕಪಕ್ಕ ಇಟ್ಟು ಕವರಿಗೆ ಹಾಕುತ್ತಿದ್ದೆ. ಹೋಗಿ ಹೋಗಿ ಅದೇ ಹೊತ್ತಿಗೆ ಮದುವೆ ಹುಡುಗಿಯ ಅಪ್ಪ ಒಳಗೆ ಬರಬೇಕೇ! ಕಪ್ಪು ಅಂಚಿನ ಕಾಗದ ನೋಡಿ ಆ ಮನುಷ್ಯ ಬಾಗಿಲಲ್ಲೇ ನಿಂತುಬಿಟ್ಟರು. ಧನಿಗಳು ಆ ಮದುವೆ ಕಾಗದವನ್ನೆಲ್ಲ ಬದಿಗಿಟ್ಟು ಹೊಸದಾಗಿ ಮುದ್ರಿಸಿದರು, ಒಂದೂ ಕೆಟ್ಟಿರಲಿಲ್ಲವಾದರೂ. ಆಮೇಲೆ ನನ್ನನ್ನು ಕರೆದು, "ನಮಗೆ ಇದು ಕಾಗದ, ಅವರಿಗೆ ಅದು ಮನೆಯ ವಿಷಯ" ಅಂದರು. ಇದನ್ನು ಮಾತ್ರ ನಾನು ಮರೆಯಲಿಲ್ಲ.

ಮದುವೆಯಾಯಿತು, ರೋಶನ್ ಹುಟ್ಟಿದ. ನಮ್ಮವರಿಗೆ ಇಲ್ಲಿ ಶುಐಬಾದ ಒಂದು ಪ್ಲಾಂಟಿನಲ್ಲಿ ಕೆಲಸ, ನಾವೂ ಹಿಂದಿನಿಂದ ಬಂದೆವು. ಎರಡು ಕೋಣೆಯ ಫ್ಲಾಟಿನಲ್ಲಿ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಇಗರ್ಜಿಯಲ್ಲಿ ಸಿಕ್ಕ ಒಬ್ಬರು ರಾಯ್‌ನಲ್ಲಿ ಪ್ರೆಸ್ ಉಂಟು, ಕೈಯಲ್ಲಿ ಬೈಂಡ್ ಮಾಡುವವರು ಬೇಕಂತೆ ಅಂದರು. ಮರುದಿನವೇ ಹೋದೆ.

ಆ ಶೆಡ್ಡಿನಲ್ಲಿ ಮೂವತ್ತು ಗಂಡಸರು, ಹೆಂಗಸು ನಾನೊಬ್ಬಳೇ. ಮೇಲ್ವಿಚಾರಕರು ಉಸ್ತಾದ್ ಫತಹಿ, ಈಜಿಪ್ಟಿನವರು. ದಪ್ಪ ಮೀಸೆ, ಗಟ್ಟಿ ಸ್ವರ. ಮಿಷನ್ನಿನ ಸದ್ದಿಗಿಂತ ಅವರ ಸದ್ದು ಒಂದು ಕೈ ಮೇಲು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಕಟ್ಟು ಹಾಳೆ ಎಸೆದು, "ಮಡಚು" ಅಂದರು. ಮಡಚಿದೆ. ಇನ್ನೊಂದು ಕಟ್ಟು ಎಸೆದರು. ಅದನ್ನೂ ಮಡಚಿದೆ. ಮೂರನೆಯದು ಎಸೆಯುವ ಮೊದಲೇ ನಾನು, "ಎಸೆಯಬೇಡಿ, ಕಾಗದದ ಮೂಲೆ ಮುರಿಯುತ್ತದೆ, ಕೈಗೆ ಕೊಡಿ" ಅಂದೆ. ಹಿಂದಿ, ಇಂಗ್ಲಿಷ್, ಕೈಸನ್ನೆ ಎಲ್ಲ ಸೇರಿಸಿ ಅಂದದ್ದು. ಅವರು ನಡೆದು ಬಂದು ಕೈಗೇ ಕೊಟ್ಟರು.

ಹಮೀದ್ ಪರಿಚಯವಾದದ್ದೂ ಆ ದಿನವೇ. ಬಂಟ್ವಾಳ ಕಡೆಯ ಬ್ಯಾರಿ ಹುಡುಗ, ಕಟಿಂಗ್ ಮಿಷನ್ ಅವನದು. "ಊರಿನವರು ಅಂತ ಗೊತ್ತಾಯ್ತು ಸೆಲಿನಕ್ಕ, ಜಗಳದಲ್ಲೇ ಗೊತ್ತಾಯ್ತು" ಅಂತ ನಕ್ಕ. ನನಗೆ ಅರಬ್ಬಿ ಕೆಲಸದ ಮೊದಲ ಪಾಠ ಹೇಳಿದ್ದೂ ಅವನೇ. ನಮ್ಮ ಕನ್ನಡ ಪುಸ್ತಕಕ್ಕೆ ಬೆನ್ನು ಎಡಗಡೆ. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ, ಅದರ ಪುಸ್ತಕಕ್ಕೆ ಬೆನ್ನು ಬಲಗಡೆ. ನಮಗೆ ಕೊನೆಯ ಪುಟ ಎಲ್ಲಿಯೋ ಅಲ್ಲಿ ಅವರಿಗೆ ಮೊದಲ ಪುಟ. ಕೇಳಲು ಇಷ್ಟೇ. ಆದರೆ ಎಂಟು ವರ್ಷ ಎಡಕ್ಕೇ ಹೊಲಿದ ಕೈಗೆ ಅದನ್ನು ಹೇಳಿ ನೋಡಿ! ತಲೆ ಬಲ ಅನ್ನುತ್ತದೆ, ಕೈ ತನ್ನ ಪಾಡಿಗೆ ಎಡಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ಅರಬ್ಬಿ ಕೆಲಸಕ್ಕೂ ಹಮೀದ್ ಮೊದಲು ಒಂದು ಮಾದರಿ ಕಟ್ಟಿ ನನ್ನ ಮೇಜಿನ ಮೇಲೆ ಇಡುತ್ತಿದ್ದ. ಅದನ್ನು ನೋಡಿಕೊಂಡು ಉಳಿದದ್ದೆಲ್ಲ ನಾನು ಕಟ್ಟುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು, ಒಂದೂ ತಪ್ಪಲಿಲ್ಲ.

ಕೆಲಸದ ರೀತಿ ನನ್ನ ಕಣ್ಣೆದುರೇ ಎಷ್ಟು ಸಲ ಬದಲಾಯಿತು! ಬಂದ ಹೊಸದರಲ್ಲಿ ಬಿಲ್ ಪುಸ್ತಕದ ಹಾಳೆಗಳ ನಡುವೆ ಕಾರ್ಬನ್ ಇಡುವುದು, ಸಂಜೆ ಮನೆಗೆ ಹೋದರೆ ಮುಖವೆಲ್ಲ ನೀಲಿ. ಆಮೇಲೆ ಕಾರ್ಬನ್ ಇಲ್ಲದೆಯೇ ಕೆಳಗಿನ ಹಾಳೆಗೆ ಮೂಡುವ ಕಾಗದ ಬಂತು. ಬಿಳಿ, ಗುಲಾಬಿ, ಹಳದಿ ಅದೇ ಕ್ರಮದಲ್ಲಿ ಬರಬೇಕು, ಒಂದು ತಿರುಗು ಮುರುಗಾದರೆ ಕೆಳಗಿನದು ಖಾಲಿ. ಒಮ್ಮೆ ಒಂದು ಲಾಂಡ್ರಿಯ ಪುಸ್ತಕಗಳಲ್ಲಿ ಹಾಗೇ ಮಾಡಿ ಇಡೀ ದಿನ ಬಿಚ್ಚಿ ಕಟ್ಟಿದ್ದೇನೆ. ನಂಬರ್ ಹಾಕುವ ಮಿಷನ್ನಿನ ಹಲ್ಲು ಸಿಕ್ಕಿಹಾಕಿಕೊಂಡು ಒಂದು ಗ್ಯಾರೇಜಿನವರಿಗೆ ಪುಸ್ತಕದ ತುಂಬ ಒಂದೇ ನಂಬರ್ ಬಂದದ್ದೂ ಉಂಟು. ಇವೆಲ್ಲ ಬೈಗುಳದಲ್ಲಿ ಮುಗಿಯುವ ತಪ್ಪುಗಳು. ಬೈಗುಳದಲ್ಲಿ ಮುಗಿಯದ ತಪ್ಪು ಒಂದೇ ಒಂದು. ಅದನ್ನು ಹೇಳಬೇಕಾದರೆ ಮೊದಲು ಉಮ್ ಖಲೀಫಾ ಯಾರು ಅಂತ ಹೇಳಬೇಕು.

ಮುಬಾರಕಿಯಾದ ಹಳೆಯ ಮಾರುಕಟ್ಟೆಯಲ್ಲಿ ಹೆಂಗಸರೇ ಕೂತು ಮಾರುವ ಒಂದು ಓಣಿ ಉಂಟು. ಅಲ್ಲಿ ಉಮ್ ಖಲೀಫಾ ಎಂಬ ಅಜ್ಜಿ ಮದರಂಗಿ ಪುಡಿ, ಕೂದಲಿಗೆ ಹಾಕುವ ಸೊಪ್ಪಿನ ಪುಡಿ, ಧೂಪ ಮಾರುತ್ತಿದ್ದರು. ಎಲ್ಲ ಪುಟ್ಟ ಪುಟ್ಟ ಪೊಟ್ಟಣ. ಅದರ ಲೇಬಲ್ಲು ನಮ್ಮ ಪ್ರೆಸ್ಸಿನದು, ಒಂದು ಖರ್ಜೂರದ ಮರ, ಕೆಳಗೆ ಹೆಸರು, ಅಷ್ಟೇ. ಲೇಬಲ್ ತಲುಪಿಸಲು ಹೋದ ಗಂಡಸರನ್ನೆಲ್ಲ ಅಜ್ಜಿ ಒಂದಲ್ಲ ಒಂದು ತಪ್ಪು ಹಿಡಿದು ಓಡಿಸುತ್ತಿದ್ದರು. ಕೊನೆಗೆ ಫತಹಿಗೆ ಸಾಕಾಗಿ, "ನೀನು ಹೋಗು, ನೀವಿಬ್ಬರೂ ಒಂದೇ ಜಾತಿ" ಅಂತ ನನ್ನನ್ನು ಕಳಿಸಿದರು.

ಅಜ್ಜಿ ಲೇಬಲ್ಲಿನ ಕಟ್ಟು ಬಿಚ್ಚಿ, ಬೆರಳು ನೀರಿನಲ್ಲಿ ಅದ್ದಿ ಹೆಸರಿನ ಮೇಲೆ ತಿಕ್ಕಿ ನೋಡಿದರು. ಶಾಯಿ ಬೆರಳಿಗೆ ಹತ್ತಿತು. ಕಟ್ಟನ್ನು ನನ್ನ ಮಡಿಲಿಗೇ ವಾಪಸು ಹಾಕಿದರು. ನನಗೂ ಮೈ ಉರಿಯಿತು, ಆದರೆ ಅವರು ಹೇಳಿದ್ದು ಸರಿ. ಮದರಂಗಿ ಮಾರುವ ಕೈ ಯಾವಾಗಲೂ ಒದ್ದೆ, ಶಾಯಿ ಬಿಟ್ಟರೆ ಹೆಸರು ಉಳಿಯುವುದಾದರೂ ಹೇಗೆ? ಶಾಯಿ ಬದಲಿಸಿ ಮತ್ತೆ ಮುದ್ರಿಸಿ ತಂದೆ. ತಿಕ್ಕಿದರು, ಬಿಡಲಿಲ್ಲ. ಆಗ ಪಕ್ಕದಲ್ಲಿ ಕೂರಿಸಿ ಚಾ ಕೊಟ್ಟರು. ಮಗನ ಹೆಸರು ಕೇಳಿದರು. ರೋಶನ್ ಅಂದೆ. ಆವತ್ತಿನಿಂದ ನಾನು ಉಮ್ ರೋಶನ್, ರೋಶನನ ಅಮ್ಮ. ಪ್ರೆಸ್ಸಿನಲ್ಲೂ ಅದೇ ಹೆಸರು ನಿಂತಿತು.

ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಒಂದು ದಿನ ಲೇಬಲ್ಲಿನ ಮೇಲೆ ಬೆರಳಿಟ್ಟು, "ನಿನಗೆ ಇದು ಓದಲು ಬರ್ತದಾ?" ಅಂತ ಕೇಳಿದರು.

"ಇಲ್ಲ ಯುಮ್ಮಾ" ಅಂದೆ.

"ನನಗೂ ಬರುವುದಿಲ್ಲ" ಅಂದರು. ಇಬ್ಬರೂ ನಕ್ಕೆವು. ನಾನು ಕಟ್ಟುವವಳು, ಅವರು ಮಾರುವವರು, ಇಬ್ಬರಿಗೂ ಓದಲು ಬರುವುದಿಲ್ಲ. ನನ್ನ ಅಮ್ಮ ತೀರಿಕೊಂಡಾಗ ರಜೆ ಸಿಗಲಿಲ್ಲ, ಊರಿಗೆ ಹೋಗಲಾಗಲಿಲ್ಲ. ಆ ವಾರ ಅವರ ಪಕ್ಕದಲ್ಲೇ ಕೂತು ಅತ್ತಿದ್ದೇನೆ. ಅವರು ನನ್ನ ಅಂಗೈಗೆ ಮದರಂಗಿ ಹಚ್ಚುತ್ತ ಕೂತಿದ್ದರು.

ಒಂದು ದಿನ ಬೆಳಿಗ್ಗೆ ಫತಹಿ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದ್ದಕ್ಕೇ ನನಗೆ ಭಯವಾಯಿತು. ಉಮ್ ಖಲೀಫಾ ಹೋಗಿಬಿಟ್ಟರು, ಮಗಳು ನೂರಾ ಫೋನ್ ಮಾಡಿದ್ದರು ಅಂದರು. ಇಲ್ಲಿ ಸಾವಿನ ಮನೆಯಲ್ಲಿ ಮೂರು ದಿನ ಜನ ಬಂದು ಸಂತಾಪ ಹೇಳುತ್ತಾರೆ. ಬಂದವರಿಗೆ ತೀರಿಕೊಂಡವರ ಹೆಸರಿನಲ್ಲಿ ಒಂದು ಸಣ್ಣ ಪ್ರಾರ್ಥನೆಯ ಪುಸ್ತಕ ಕೊಡುವುದುಂಟು. ಅದು ಸಂಜೆಯೊಳಗೆ ಬೇಕು, ಮುನ್ನೂರು ಪ್ರತಿ. ಬಿಡಿ ಹಾಳೆಗಳು, ಬದಿಗೆ ಎರಡು ಪಿನ್ನು, ಮೇಲೆ ಬೆನ್ನಿಗೆ ಬಟ್ಟೆಯ ಪಟ್ಟಿ.

ಹಮೀದ್ ರಜೆಯಲ್ಲಿ ಊರಿಗೆ ಹೋಗಿದ್ದ. ಮಾದರಿ ಕಟ್ಟಿಡುವವರು ಇರಲಿಲ್ಲ. ಅದರ ಹಿಂದಿನ ಕೆಲಸ ಒಂದು ಇಂಗ್ಲಿಷ್ ಸರ್ವಿಸ್ ಪುಸ್ತಕದ್ದು, ಪಿನ್ ಹೊಡೆಯುವ ಮಿಷನ್ನಿನಲ್ಲಿ ಹಾಳೆಯ ಅಂಚು ತಾಗಿ ನಿಲ್ಲುವ ತಡೆಪಟ್ಟಿ ಅದಕ್ಕೆ ತಕ್ಕಂತೆ ಎಡಕ್ಕೇ ಕೂತಿತ್ತು. ಇದನ್ನು ನೆವ ಅಂತ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ಬೇರೆ ಇಬ್ಬರು ಸಹಾಯಕ್ಕೆ ಬಂದರು, ನಾನೇ ಬೇಡ ಅಂದೆ. ಅಜ್ಜಿಗೆ ನಾನು ಮಾಡುವ ಕೊನೆಯ ಕೆಲಸ, ಮುನ್ನೂರನ್ನೂ ನಾನೇ ಕಟ್ಟುತ್ತೇನೆ ಅಂತ ಹಟ. ಕಣ್ಣು ತುಂಬಿಕೊಳ್ಳುತ್ತಿತ್ತು, ಕೈ ಓಡುತ್ತಿತ್ತು. ನಾಲ್ಕು ಗಂಟೆಗೆ ಗಾಡಿ ಬಂದು ತೆಗೆದುಕೊಂಡು ಹೋಯಿತು.

ನಮ್ಮ ಪ್ರೆಸ್ಸಿನಲ್ಲಿ ಪ್ರತಿ ಕೆಲಸದ ಒಂದು ಪ್ರತಿಯನ್ನು ದೊಡ್ಡ ಮಾದರಿ ಪುಸ್ತಕದಲ್ಲಿ ಅಂಟಿಸಿಡುವ ರೂಢಿ. ಮರುದಿನ ಬೆಳಿಗ್ಗೆ ಅದನ್ನು ಅಂಟಿಸಲು ಕೈಗೆತ್ತಿಕೊಂಡೆ. ಬಲಗಡೆಯಿಂದ ಹಿಡಿಯಲು ಹೋದರೆ ಹಾಳೆಗಳು ಬಿಚ್ಚಿಕೊಂಡವು. ಬೆನ್ನು ಎಡಗಡೆ! ತೆರೆದು ನೋಡಿದೆ. ಕಟ್ಟಲು ಅಂತ ಬಲಕ್ಕೆ ಬಿಟ್ಟಿದ್ದ ಖಾಲಿ ಜಾಗ ಹಾಗೇ ಉಳಿದಿತ್ತು. ಎಡಗಡೆ ಸಾಲುಗಳ ಕೊನೆಯ ಅಕ್ಷರಗಳ ಮೇಲೇ ನನ್ನ ಪಿನ್ನುಗಳು ಕೂತಿದ್ದವು. ದೇವರ ಪ್ರಾರ್ಥನೆಯ ಮೇಲೆ, ಆ ಅಜ್ಜಿಯ ಹೆಸರಿನಲ್ಲಿ, ಮುನ್ನೂರು ಸಲ.

ಅಲ್ಲಿ ಯಾರೂ ಇರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಂದು ಗಳಿಗೆ ಆ ಪ್ರತಿಯನ್ನು ಅಂಟಿಸಿ ಪುಟ ಮುಚ್ಚಿಬಿಡೋಣ ಅನ್ನಿಸಿತು. ಮನೆಯವರು ದುಃಖದಲ್ಲಿದ್ದಾರೆ, ಯಾರು ನೋಡುತ್ತಾರೆ? ಕೆಲಸ ಹೋದರೆ ಈ ದೇಶದಲ್ಲಿರಲು ಬೇಕಾದ ಇಕಾಮಾ ಹೋಗುತ್ತದೆ. ಆ ವರ್ಷ ನಮ್ಮವರ ಪ್ಲಾಂಟಿನಲ್ಲೂ ಜನರನ್ನು ತೆಗೆಯುತ್ತಿದ್ದರು, ರೋಶನ್‌ಗೆ ಹತ್ತನೆಯ ಕ್ಲಾಸು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಅಂಟಿನ ಬ್ರಶ್ ಕೈಯಲ್ಲಿ ಹಿಡಿದು ಆ ಮೊದಲ ಪುಟದ ಮೇಲಿನ ಹೆಸರು ನೋಡಿದೆ. ಓದಲು ಬರದಿದ್ದರೂ ಆ ಹೆಸರಿನ ಆಕಾರ ನನಗೆ ಗೊತ್ತು, ಎಷ್ಟು ವರ್ಷ ಲೇಬಲ್ಲಿನಲ್ಲಿ ನೋಡಿದ್ದೇನೆ. ಬ್ರಶ್ ಕೆಳಗಿಟ್ಟು ಫತಹಿಯ ಕೋಣೆಗೆ ಹೋದೆ.

"ಅನಾ ಗಲ್ತಾನಾ" ಅಂದೆ. ತಪ್ಪು ನನ್ನದು ಅಂತ.

ಅವರು ಪುಸ್ತಕ ತೆರೆದರು, ಮುಚ್ಚಿದರು. ಆಮೇಲೆ ಬೈದರು ನೋಡಿ, ಶೆಡ್ಡಿನ ಮಿಷನ್ನುಗಳೆಲ್ಲ ನಿಂತವು. "ಕಫೀಲ್‌ಗೆ ಆ ಮನೆ ಹತ್ತಿರದ್ದು, ಈ ಸಂಜೆ ಅವರೇ ಅಲ್ಲಿಗೆ ಹೋಗ್ತಾರೆ, ಗೊತ್ತುಂಟಾ? ನಿನ್ನದೂ ಖಲಾಸ್, ನನ್ನದೂ ಖಲಾಸ್!" ಅಂತ ಕೂಗಿದರು. ಕಫೀಲ್ ಅಂದರೆ ಪ್ರೆಸ್ಸಿನ ಮಾಲೀಕರು, ನಮ್ಮೆಲ್ಲರ ವೀಸಾ ಅವರ ಕೈಯಲ್ಲಿ. ನಾನು ನಿಂತೇ ಇದ್ದೆ. ಕೂಗಿ ಕೂಗಿ ಸುಸ್ತಾಗಿ, ಕೋಟು ಕಳಚಿಟ್ಟು, ತಾವೇ ಹೋಗಿ ಮಿಷನ್ ಚಾಲೂ ಮಾಡಿದರು. ಹೊಸದಾಗಿ ಮುನ್ನೂರು. ಈ ಸಲ ನಾನು ಪಿನ್ ಹೊಡೆಯುವಾಗ ಅವರು ಪಕ್ಕದಲ್ಲೇ ನಿಂತು ಒಂದೊಂದೂ ತೆರೆದು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಆಗ ಇನ್ನೊಂದು ತಾಪತ್ರಯ. ಅಲ್ಲಿ ಗಂಡಸರಿಗೆ ಬೇರೆ ಕಡೆ, ಹೆಂಗಸರಿಗೆ ಬೇರೆ ಕಡೆ. ಫತಹಿ ಗಂಡಸರ ಕಡೆ ಹೋಗಬಹುದು. ಪುಸ್ತಕದ ಹೆಚ್ಚಿನ ಪಾಲು ಇರುವುದು ಹೆಂಗಸರ ಕಡೆ. ಅಲ್ಲಿಗೆ ಪ್ರೆಸ್ಸಿನ ಯಾವ ಗಂಡಸೂ ಕಾಲಿಡುವಂತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ನಾನೇ ಹೊರಟೆ. ದಾರಿಯುದ್ದಕ್ಕೂ ಕಾರಿನಲ್ಲಿ ಫತಹಿ ಸಂತಾಪದ ಮಾತು ಹೇಳಿಕೊಟ್ಟರು, "ಅಝಮಲ್ಲಾಹ್ ಅಜ್ರಕುಂ." ದೇವರು ನಿಮ್ಮ ಪುಣ್ಯ ಹೆಚ್ಚಿಸಲಿ ಅಂತ ಅರ್ಥ. ನಾನು ಜಪಮಾಲೆಯ ಹಾಗೆ ಅದನ್ನೇ ಹೇಳುತ್ತ ಹೋದೆ.

ದೊಡ್ಡ ಕೋಣೆ. ಗೋಡೆಯ ಸುತ್ತ ಕಪ್ಪು ಬಟ್ಟೆಯ ಹೆಂಗಸರು, ಸಕ್ಕರೆ ಇಲ್ಲದ ಕಾಫಿ, ಯಾರದೂ ಮಾತಿಲ್ಲ. ಹಲವರ ಮಡಿಲಲ್ಲಿ ನಾನು ಕಟ್ಟಿದ ಆ ಪುಸ್ತಕ. ಅವರು ಅದನ್ನು ತಿರುಗಿಸಿ ಹಿಡಿದು, ಪಿನ್ನಿನ ಕೆಳಗಿನ ಅಕ್ಷರಕ್ಕಾಗಿ ಹಾಳೆ ಬಗ್ಗಿಸಿ ಬಗ್ಗಿಸಿ ಓದುತ್ತಿದ್ದರು. ಒಬ್ಬರೂ ದೂರು ಹೇಳಿರಲಿಲ್ಲ. ಸಾವಿನ ಮನೆಯಲ್ಲಿ ಯಾರು ಹೇಳುತ್ತಾರೆ? ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೂರಾ ನನ್ನನ್ನು ಗುರುತಿಸಿ ಎದ್ದು ಬಂದರು. ಶಾಲೆಯ ಟೀಚರ್, ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಸಂತಾಪದ ಮಾತು ಹೇಳಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಪುಸ್ತಕ ತಪ್ಪಾಗಿದೆ, ಕಟ್ಟಿದವಳು ನಾನು, ಸರಿ ಮಾಡಿ ತಂದಿದ್ದೇನೆ ಅಂದೆ. ಅವರು ಹಳೆಯದು ಒಂದು, ಹೊಸದು ಒಂದು ಕೈಗೆ ತೆಗೆದುಕೊಂಡು ನೋಡಿದರು. ಮುಖ ಬಿಗಿಯಿತು.

"ನನ್ನಮ್ಮನಿಗೆ ಓದಲು ಬರ್ತಿರಲಿಲ್ಲ" ಅಂದರು.

"ಗೊತ್ತು" ಅಂದೆ.

"ಪ್ರಾರ್ಥನೆ ಎಲ್ಲ ಬಾಯಿಪಾಠ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಪುಟ ತಿರುವುತ್ತ ಹೇಳ್ತಿದ್ದಳು. ಅಕ್ಷರ ಗೊತ್ತಿರಲಿಲ್ಲ, ಆದರೆ ಯಾವ ಕಡೆಯಿಂದ ತೆರೆಯಬೇಕು ಅಂತ ಗೊತ್ತಿತ್ತು. ಇದನ್ನು ಅವಳ ಕೈಗೆ ಕೊಟ್ಟಿದ್ದರೆ ನಿನ್ನ ಮುಖಕ್ಕೇ ಎಸೀತಿದ್ದಳು."

"ಎಸೀತಿದ್ದರು" ಅಂದೆ. ನನಗೆ ಅಳು ತಡೆಯಲಾಗಲಿಲ್ಲ. ಅವರ ಕಣ್ಣಲ್ಲೂ ನೀರು. ಅವರೇ ಸುತ್ತ ಹೋಗಿ ಎಲ್ಲರ ಮಡಿಲಿನಿಂದ ಹಳೆಯದನ್ನು ತೆಗೆದು ಹೊಸದನ್ನು ಕೊಟ್ಟರು. ಮುದುಕಿಯರು ಹಳೆಯದಕ್ಕೂ ಮುತ್ತಿಟ್ಟೇ ಕೊಟ್ಟರು. ಮುಗಿದ ಮೇಲೆ ನನ್ನ ಕಡೆ ನೋಡದೆ, "ಖಲಾಸ್, ಹೋಗು" ಅಂದರು. ಕಾಫಿ ಕೊಡಲಿಲ್ಲ.

ಕೆಟ್ಟ ಪ್ರತಿಗಳನ್ನು ಕಸದ ಚೀಲಕ್ಕೆ ಹಾಕುವಂತಿಲ್ಲ. ದೇವರ ಹೆಸರಿರುವ ಕಾಗದಕ್ಕೆ ಪ್ರೆಸ್ಸಿನಲ್ಲಿ ಬೇರೆ ಬಿಳಿ ಚೀಲ, ಅದು ಮಸೀದಿಗೆ ಹೋಗುತ್ತದೆ. ಒಂದೊಂದಾಗಿ ಅದಕ್ಕೆ ತುಂಬಿದೆ. ಮೂರನೆಯ ದಿನ ಕಫೀಲ್ ಬಂದರು. ಯಾರು ಮಾಡಿದ್ದು ಅಂತ ಕೇಳಿದರು. ಫತಹಿ ಬಾಯಿ ತೆರೆಯುವ ಮೊದಲೇ ನಾನು ಅಂದೆ. ಕೆಲಸದಿಂದ ತೆಗೆಯಲಿಲ್ಲ. ನಾನಾಗಿ ಹೇಳಿದೆ ಎಂಬ ಕಾರಣಕ್ಕೋ, ಫತಹಿ ಒಳಗೆ ಹೋಗಿ ಏನಾದರೂ ಹೇಳಿದರೋ ಗೊತ್ತಿಲ್ಲ. "ಇನ್ನು ಅರಬ್ಬಿ ಪುಸ್ತಕ ಇವಳ ಮೇಜಿಗೆ ಬೇಡ" ಅಂದರು, ಅಷ್ಟೇ.

ಅಷ್ಟೇ ಅಂತ ಬರೆದೆ. ಆದರೆ ಕೈಕೆಲಸ ಗೊತ್ತಿರುವವರಿಗೆ ಅದರ ನೋವು ಗೊತ್ತಾಗುತ್ತದೆ. ಆ ಪ್ರೆಸ್ಸಿನಲ್ಲಿ ಮುಕ್ಕಾಲು ಪಾಲು ಅರಬ್ಬಿ ಕೆಲಸ. ನಾನು ಡಬ್ಬಿ ಕಟ್ಟುತ್ತ, ಕವರಿಗೆ ಅಂಟು ಹಚ್ಚುತ್ತ ಕೂತೆ. ಹಮೀದ್ ರಜೆ ಮುಗಿಸಿ ಬಂದವನು ವಿಷಯ ಕೇಳಿ, "ಆನೆಯಂಥದ್ದೂ ಮುಗ್ಗರಿಸ್ತದೆ ಸೆಲಿನಕ್ಕ" ಅಂದ. ಆನೆ ಮುಗ್ಗರಿಸಿದರೆ ಯಾರೂ ಅದರ ಕಾಲು ಕಟ್ಟಿ ಕೂರಿಸುವುದಿಲ್ಲ ಅಂತ ಅವನ ಮೇಲೇ ರೇಗಿದೆ. ಖರ್ಜೂರದ ಮರದ ಲೇಬಲ್ಲಿನ ಆರ್ಡರೂ ಬರುವುದು ನಿಂತಿತು. ಒಂದು ತಿಂಗಳು, ಎರಡು ತಿಂಗಳು. ಅರಬ್ಬಿ ಕೆಲಸವೂ ಹೋಯಿತು, ಆ ಮನೆಯೂ ಹೋಯಿತು ಅಂತ ನಾನು ಖಾತ್ರಿ ಮಾಡಿಕೊಂಡಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ನೂರಾ ತಾವೇ ರಾಯ್‌ಗೆ ಬಂದರು. ಅಮ್ಮನ ಅಂಗಡಿ ಮತ್ತೆ ತೆರೆಯುತ್ತಾರಂತೆ, ಶಾಲೆ ಮುಗಿಸಿ ಸಂಜೆ ತಾವೇ ಕೂರುತ್ತಾರಂತೆ. ಲೇಬಲ್ ಬೇಕು ಅಂದರು. ಆಮೇಲೆ ಕೈಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಉಮ್ ಖಲೀಫಾ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದ ಪ್ರಾರ್ಥನೆಯ ಪುಸ್ತಕ. ಬೆನ್ನು ಕಳಚಿ ಹೋಗಿತ್ತು, ಹಾಳೆಗಳು ಬಿಡಿಬಿಡಿ. ಹೆಬ್ಬೆರಳು ತಾಗಿ ತಾಗಿ ಪುಟದ ಮೂಲೆಗಳೆಲ್ಲ ಮದರಂಗಿ ಬಣ್ಣ.

ಫತಹಿ ಹಮೀದ್‌ನನ್ನು ಕರೆದರು. ನೂರಾ ತಲೆ ಅಲ್ಲಾಡಿಸಿ, "ಉಮ್ ರೋಶನ್" ಅಂದರು.

"ಕಫೀಲ್ ಬೇಡ ಅಂದಿದ್ದಾರೆ ಮೇಡಂ" ಅಂದರು ಫತಹಿ.

"ಕಫೀಲ್‌ಗೆ ನಾನು ಹೇಳ್ತೇನೆ."

ನಾನು ಡಬ್ಬಿ ಕಟ್ಟುವ ಮೇಜಿನಿಂದ ಎದ್ದು ಬಂದೆ. "ನಾನು ಕ್ರಿಶ್ಚಿಯನ್, ಮುಟ್ಟಬಹುದಾ?" ಅಂತ ಕೇಳಿದೆ. ಇದು ಕುರಾನ್ ಅಲ್ಲ, ಪ್ರಾರ್ಥನೆಯ ಪುಸ್ತಕ, ಮುಟ್ಟಬಹುದು ಅಂತ ಹಮೀದ್ ಮೆಲ್ಲಗೆ ಹೇಳಿದ. ನಾನು ಇನ್ನೊಂದು ಕೇಳಿಬಿಟ್ಟೆ. "ನನಗೇ ಯಾಕೆ ಮೇಡಂ? ಹಾಳು ಮಾಡಿದವಳಿಗೇ?"

"ಉಳಿದವರು ಯಾವತ್ತಾದರೂ ಮರೆಯಬಹುದು, ನೀನು ಮರೆಯುವುದಿಲ್ಲ" ಅಂದರು.

ನಾಲ್ಕು ದಿನ ತೆಗೆದುಕೊಂಡೆ. ಹಳೆಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ ನೆನೆಸಿ ಬಿಡಿಸಿದೆ. ಹರಿದ ಮಡಿಕೆಗಳಿಗೆ ತೆಳ್ಳಗಿನ ಕಾಗದದ ಪಟ್ಟಿ ಕೊಟ್ಟೆ. ಅಂಟನ್ನು ಮನೆಯಲ್ಲೇ ಕಾಯಿಸಿ ತಂದೆ. ಮೂಲೆಯ ಮದರಂಗಿ ಬಣ್ಣ ಹೋಗದ ಹಾಗೆ ಅಂಚು ಕತ್ತರಿಸದೆ ಬಿಟ್ಟೆ. ಹಮೀದ್ ಮಾದರಿ ಕಟ್ಟಿ ಇಡಲಾ ಅಂತ ಕೇಳಿದ, ಬೇಡ ಅಂದೆ. ಮೇಣದ ದಾರ ಸೂಜಿಗೆ ಹಾಕಿ, ಹಾಳೆಗಳನ್ನು ಮುಂದಿಟ್ಟುಕೊಂಡು, ಬೆನ್ನು ಬಲಕ್ಕೆ, ಬೆನ್ನು ಬಲಕ್ಕೆ ಅಂತ ಬಾಯಿಬಿಟ್ಟು ಹೇಳುತ್ತ ಹೊಲಿದೆ. ಶೆಡ್ಡಿನವರು ನಕ್ಕರೆ ನಗಲಿ ಅಂತ ಬಿಟ್ಟೆ. ನನ್ನ ಕೈಯಿಂದ ಅಂಥ ಪುಸ್ತಕ ಅದಕ್ಕಿಂತ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನೂರಾ ಬಂದ ದಿನ ಫತಹಿ ಬಾಗಿಲ ಹತ್ತಿರ ನಿಂತಿದ್ದರು. ಹಮೀದ್ ಕಟಿಂಗ್ ಮಿಷನ್ ನಿಲ್ಲಿಸಿದ್ದ. ನಾನು ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟೆ. ಅವರು ಅದನ್ನು ತುಟಿಗೆ ಮುಟ್ಟಿಸಿ, ಹಣೆಗೆ ಮುಟ್ಟಿಸಿ, ಹಾಗೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಇಳಿಸಿದರು.

ಫತಹಿಗೆ ತಡೆಯಲಾಗಲಿಲ್ಲ. "ಮೇಡಂ, ಒಮ್ಮೆ ತೆರೆದು ನೋಡಿ. ಅಷ್ಟೆಲ್ಲ ಆದ ಮೇಲೆ…"

ನೂರಾ ಚೀಲದ ಜಿಪ್ ಎಳೆದು ಮುಚ್ಚಿದರು.

"ಉಮ್ ರೋಶನ್ ನೋಡಿದ್ದಾಳಲ್ಲ" ಅಂದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟರು.